ಹತ್ತಿಯ ಆನೆ

ರಾಯಬಾಗ, ಚಿಂಚಲಿ, ಕುಡಚಿ ಒಂದೊಂದಾಗಿ ಹಿಂದೆ ಬಿದ್ದವು. ಕುಡಚಿ ದಾಟಿದ ರೈಲು ಗಡಗಡ ಸದ್ದು ಮಾಡುತ್ತ ಸೇತುವೆ ಏರಿತು. ಕೆಳಗೆ ತೆಳು ಮಂಜು ಹೊದ್ದ ಕೃಷ್ಣೆ. ಆಚೆ ದಡ ಮುಟ್ಟಿದ್ದೇ ಗಾಳಿಯ ರುಚಿ ಬದಲಾಯಿತು. ವಾಸನೆ ಎಂದರೆ ಸಾಲದು. ಕುದಿಯುವ ಕಬ್ಬಿನಹಾಲು, ಬೊಯ್ಲರಿನ ಹೊಗೆ, ಕಾಕಂಬಿಯ ಹುಳಿ ಎಲ್ಲ ಕೂಡಿ ನಾಲಿಗೆಯ ಮೇಲೇ ಬಂದು ಕೂತವು. ಉಗಾರ ಖುರ್ದ ಬಂದಿತ್ತು.

ಪಾರ್ಸಿಯ ‘ಖುರ್ದ’ ಎಂದರೆ ಸಣ್ಣದು. ‘ಬುದ್ರುಕ’, ದೊಡ್ಡದು ಎಂಬ ಬಿರುದು ಪಕ್ಕದ ಉಗಾರಕ್ಕೆ ಹೋಗಿದೆ. ಆದರೆ 1939ರಲ್ಲಿ ಶಿರಗಾಂವಕರ ಮನೆತನ ಕಟ್ಟಿದ ಸಕ್ಕರೆ ಕಾರ್ಖಾನೆ ಈ ಸಣ್ಣ ಉಗಾರದ್ದು. ನಾನು ಬಂದದ್ದೂ ಸಣ್ಣವರನ್ನು ನೋಡಲಿಕ್ಕೇ. ಇಲ್ಲಿನ ಒಂದು ಅಂಗನವಾಡಿಯ ಮೂಲೆಯಲ್ಲಿ ಇಡೀ ದಿನ ಸುಮ್ಮನೆ ಕೂಡುವುದು, ಅಷ್ಟೇ ಕೆಲಸ.

ಪಾಠ ಹೊಸ್ತಿಲಲ್ಲೇ ಸುರುವಾಯಿತು. ಬಂದವರೆಲ್ಲ ಚಪ್ಪಲಿ ಬಿಟ್ಟು ಜೋಡಿ ಹೊಂದಿಸಿ ಇಡಬೇಕು. ಎರಡೂ ಎಡಗಾಲಿನವೇ ಆದಾಗ ಹುಡುಗನೊಬ್ಬ ತನ್ನ ಪಾದವನ್ನೇ ಅನುಮಾನದಿಂದ ನೋಡಿಕೊಂಡ. ಆಮೇಲೆ ಎಲ್ಲರೂ ಗುಂಡಾಗಿ ಕೂತರು. ‘ಇವತ್ತ ಹೊರಗ ಏನೈತಿ? ಬಿಸಲೋ, ಮಾಡೋ?’ ಎಂದು ಕೇಳಿದರು ಅಕ್ಕೋರು. ಒಬ್ಬಳು ಓಡಿಹೋಗಿ ಆಕಾಶ ನೋಡಿ ಬಂದು ವರದಿ ಒಪ್ಪಿಸಿದಳು: ‘ಹೊಗಿ ಐತ್ರಿ!’

ನನಗೆ ನಗು ತಡೆಯಲಿಲ್ಲ. ಅಕ್ಕೋರು ನಗಲಿಲ್ಲ. ಸುಣ್ಣದಕಡ್ಡಿ ತಗೊಂಡು ಹಲಗೆಯ ಮೇಲಿನ ಸೂರ್ಯನ ಪಕ್ಕ ಒಂದು ಉದ್ದ ಚಿಮಣಿ ಬರೆದು, ಅದರ ಬಾಯಿಂದ ಹೊಗೆ ಬಿಟ್ಟರು. ಡಿಸೆಂಬರಿನ ಉಗಾರದಲ್ಲಿ ಅದೇ ಹವಾಮಾನ.

ಎಣಿಕೆಗೆ ಮಣಿಗಳಿದ್ದವು, ಆದರೆ ಹೊರಗೆ ಬಂದದ್ದು ಒಂದು ಜಲ್ಲೆ ಕಬ್ಬು. ಒಂದೊಂದು ಗಣಿಕೆಗೂ ಬೆರಳಿಟ್ಟು ಒಂದು, ಎರಡು, ಮೂರು. ಯಾವ ತುದಿಯಿಂದ ಎಣಿಸಬೇಕೆಂಬ ಜಗಳ ಹತ್ತಿತು. ಬುಡದಿಂದಲೇ ಅಂದ ಒಬ್ಬ, ಯಾಕಂದರೆ ಸಿಹಿ ಅಲ್ಲಿಂದ ಸುರುವಾಗತೈತಿ, ತುದಿ ಎತ್ತಿಗೆ. 1837ರಲ್ಲಿ ಜರ್ಮನಿಯ ಬಾಡ್ ಬ್ಲಾಂಕನ್‌ಬುರ್ಗ್‌ನಲ್ಲಿ ಮಕ್ಕಳಿಗಾಗಿ ಶಾಲೆ ತೆರೆದ ಫ್ರೋಬೆಲ್, ಉಣ್ಣೆಯ ಚೆಂಡು, ಮರದ ಗುಂಡು, ಮರದ ಘನಗಳನ್ನು ‘ಕಾಣಿಕೆ’ ಎಂದು ಕರೆದು ಅವರ ಕೈಗೆ ಕೊಟ್ಟಿದ್ದ. ಪಾಠ ಮುಗಿದ ಮೇಲೆ ಕಡಿದು ತಿನ್ನಬಹುದಾದ ಕಾಣಿಕೆ ಅವನಿಗೂ ಹೊಳೆದಿರಲಿಲ್ಲ.

ಗೋಡೆಗೆ ಒರಗಿ ಕೂತಿದ್ದ ಒಬ್ಬ ಹುಡುಗಿ ಮಾತ್ರ ಎಣಿಸಲಿಲ್ಲ. ಕಬ್ಬು ಕಡಿಯಲಿಕ್ಕೆ ಮಹಾರಾಷ್ಟ್ರದ ಬೀಡ ಜಿಲ್ಲೆಯಿಂದ ಬಂದ ಗ್ಯಾಂಗಿನವರ ಮಗಳು. ಹಂಗಾಮು ಮುಗಿಯುವವರೆಗೆ ಇಲ್ಲಿಯವಳು. ಜಲ್ಲೆ ಅವಳ ಮುಂದೆ ಬಂದಾಗ ಮರಾಠಿಯಲ್ಲಿ ‘ಊಸ’ ಅಂದಳು. ‘ಹೌದು, ಊಸ. ಕಬ್ಬು,’ ಎಂದು ಎರಡನ್ನೂ ಒಟ್ಟಿಗೇ ಹೇಳಿದರು ಅಕ್ಕೋರು. ಚಿತ್ರದ ಕಾರ್ಡುಗಳು ಬಂದವು. ಬೆಕ್ಕು, ಮಾಂಜರ. ಕಾಗಿ, ಕಾವಳಾ. ಊರಿನ ಅರ್ಧ ಮಕ್ಕಳಿಗೆ ಎರಡೂ ಗೊತ್ತು. ಮರಾಠಿಯ ಮಿರಜ ಇಲ್ಲಿಂದ ಕೆಲವೇ ಸ್ಟೇಶನ್ ದೂರ.

ಆನೆಯ ಕಾರ್ಡು ಬಂತು. ಹುಡುಗಿ ಮೊದಲ ಸಲ ಗಟ್ಟಿ ದನಿ ತೆಗೆದಳು: ‘ಹತ್ತಿ!’

ಕೋಣೆ ನಗೆಯಲ್ಲಿ ಉರುಳಿತು. ‘ಹತ್ತಿ ಅಂದ್ರ ಬತ್ತಿ ಮಾಡತಾರಲ್ಲ, ಅದು!’ ಹುಡುಗಿಯ ಮುಖ ಬಾಡುವಷ್ಟರಲ್ಲಿ ಅಕ್ಕೋರು ಕಪಾಟು ತೆರೆದು ದೀಪದ ಬತ್ತಿಗೆ ಇಟ್ಟ ಹತ್ತಿಯ ಸುರುಳಿ ತಂದರು. ದೊಡ್ಡ ಹಾಳೆಯ ಮೇಲೆ ಆನೆಯ ಗೆರೆ ಬರೆದು ಅಂಟು ಸವರಿದರು. ‘ಹಚ್ರಿ, ಹತ್ತಿಗೆ ಹತ್ತಿ!’ ಇಪ್ಪತ್ತು ಕೈಗಳು ಮುಗಿಬಿದ್ದವು. ಸೊಂಡಿಲಿಗೆ, ಕಿವಿಗೆ, ಪಕ್ಕದವನ ಮೂಗಿಗೆ. ಐರಾವತದಂಥ ಬಿಳಿ ಆನೆ ನೋಡನೋಡುತ್ತಿದ್ದಂತೆ ಎದ್ದು ಬಂತು. ಕಣ್ಣಿನ ಜಾಗಕ್ಕೆ ಹುಣಸೆಬೀಜ ಒತ್ತಿದವಳು ಆ ಹುಡುಗಿ.

ನಾನು ಮೂಲೆಯಲ್ಲಿ ಬೆರಗಾಗಿ ಕೂತಿದ್ದೆ. ಯೋಚಿಸಿದರೆ ‘ಅಂಗನವಾಡಿ’ ಎಂಬ ಮಾತೂ ಮರಾಠಿಯಿಂದ ಹೊಳೆ ದಾಟಿ ಬಂದದ್ದೇ: ಅಂಗಣದ ತೋಟ. ಶಿಕ್ಷಣತಜ್ಞೆ ತಾರಾಬಾಯಿ ಮೋಡಕ 1945ರಲ್ಲಿ ಕಡಲ ದಂಡೆಯ ಬೋರ್ಡಿಯಲ್ಲಿ ಹಳ್ಳಿಮಕ್ಕಳ ಶಾಲೆಗೆ ಕೈ ಹಾಕಿ, ಶಾಲೆಗೆ ಬಾರದ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದರು. 1975ರ ಅಕ್ಟೋಬರ್ 2ರಂದು ಸರಕಾರದ ಅಂಗನವಾಡಿ ಯೋಜನೆ ಸುರುವಾದಾಗ ಕರ್ನಾಟಕದಲ್ಲಿ ಮೊದಲು ಬೇರೂರಿದ್ದು ತಿ.ನರಸೀಪುರದಲ್ಲಿ. ಅಲ್ಲಿಯ ಕಾವೇರಿ ದಂಡೆಯ ತಾಯಂದಿರೂ ಇದೇ ಮಾತು ಕಲಿತರು.

ಊಟವಾಯಿತು, ತತ್ತಿ ಆಯಿತು, ಚಾಪೆಯ ಮೇಲೆ ಸಾಲು ನಿದ್ದೆಯೂ ಆಯಿತು. ಹೊರಗೆ ಕಬ್ಬಿನ ಗಾಡಿಗಳ ಗಂಟೆ ಸದ್ದು ನಿಲ್ಲಲೇ ಇಲ್ಲ; ಒಬ್ಬರೂ ಮಗ್ಗುಲು ಬದಲಿಸಲಿಲ್ಲ.

ಸಂಜೆ ಕರೆದೊಯ್ಯಲು ಬಂದ ಅಜ್ಜಿಯ ಮುಂದೆ, ಜೋಡಿ ತಪ್ಪಿದ ಚಪ್ಪಲಿಯ ಹುಡುಗ ಮುಷ್ಟಿ ಬಿಚ್ಚಿದ. ಒಳಗೆ ಕದ್ದು ತಂದ ಒಂದು ಎಳೆ ಹತ್ತಿ.

‘ಏನೋ ಇದು?’

‘ಆನಿ.’

ಅಜ್ಜಿ ಅದನ್ನು ಹಗುರಕ್ಕೆ ಎತ್ತಿ ಎಲೆ ಅಡಿಕೆಯ ಸಂಚಿಯೊಳಗೆ ಇಟ್ಟುಕೊಂಡಳು.