ಕಸೂತಿಯ ಹಿಂಬದಿ

ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆಯಲ್ಲಿ ಮೆಚ್ಚುಗೆಗಿಂತ ವ್ಯಂಗ್ಯವೇ ಹೆಚ್ಚು. ಕೈಕಸುಬಿನವರ ಮನೆಗಳಲ್ಲಂತೂ ಬಾಯಿ ಬಡಿದುಕೊಳ್ಳುವುದನ್ನು ಒಂದು ಗುಣವೆಂದು ಯಾರೂ ಎಣಿಸುತ್ತಿರಲಿಲ್ಲ. ಸರಕು ಚೆನ್ನಾಗಿದ್ದರೆ ಕೊಳ್ಳುವವರು ಹುಡುಕಿಕೊಂಡು ಬರುತ್ತಾರೆ ಎಂಬ ನಂಬಿಕೆ ಅವರದು. ಊರು ಚಿಕ್ಕದಿದ್ದಾಗ, ನೇಯುವವರೂ ಉಡುವವರೂ ಒಂದೇ ಸಂತೆಯಲ್ಲಿ ಎದುರಾಗುತ್ತಿದ್ದಾಗ, ಆ ನಂಬಿಕೆ ನಿಜವೂ ಆಗಿತ್ತು. ಇಂದು ಹೊಲಿಯುವವರು ಧಾರವಾಡದ ಹಳ್ಳಿಯಲ್ಲಿ, ಉಡುವವರು ಹೈದರಾಬಾದಿನ ಹತ್ತನೆಯ ಅಂತಸ್ತಿನಲ್ಲಿ. ಇವರಿಬ್ಬರ ನಡುವೆ ಉಳಿದಿರುವ ಸಂತೆಯೆಂದರೆ ಅಂಗೈಯಗಲದ ಫೋನಿನ ಗಾಜು. ಆ ಸಂತೆಯಲ್ಲಿ ಸಣ್ಣ ಕಸುಬೊಂದು ಮರ್ಯಾದೆಯಿಂದ ಕೂಗುವುದು ಹೇಗೆ ಎಂಬುದು ನಾವು ಕೆಲವು ವರ್ಷಗಳಿಂದ ಕೇಳಿಕೊಳ್ಳುತ್ತಿರುವ ಪ್ರಶ್ನೆ.

ನಾವೆಂದರೆ ಧಾರವಾಡ ಸೀಮೆಯಿಂದ ಮದುವೆಯಾಗಿಯೋ ನೌಕರಿಗಾಗಿಯೋ ಹೈದರಾಬಾದಿಗೆ ಬಂದು ನೆಲೆಸಿದ ನಾಲ್ವರು ಗೆಳತಿಯರು. ಊರ ಕಡೆಯ ಹನ್ನೆರಡು ಮಂದಿ ಹೆಣ್ಣುಮಕ್ಕಳು ಕಸೂತಿ ಹಾಕಿಕೊಡುತ್ತಾರೆ. ನಾವು ಇಲ್ಲಿಂದ ಬಟ್ಟೆ, ದಾರ, ಬೇಡಿಕೆ, ಹಣ ಕಳಿಸುತ್ತೇವೆ. ಇಳಕಲ್ ಸೀರೆ, ಕುಪ್ಪಸದ ಕಣ, ಕುರ್ತಾ, ದುಪಟ್ಟಾ, ಇತ್ತೀಚೆಗೆ ಚೌಕಟ್ಟು ಹಾಕಿದ ಸಣ್ಣ ಗೋಡೆಚಿತ್ರಗಳು ನಮ್ಮ ಸರಕು. ಅಂಗಡಿ ಇಲ್ಲ, ಬಾಡಿಗೆ ಕೊಡುವ ಶಕ್ತಿಯೂ ಇಲ್ಲ. ಹಾಗಾಗಿ ಜಾಲತಾಣ ನಮಗೆ ಶೋಕಿಯಲ್ಲ, ಅದೇ ಕಟ್ಟೆ, ಅದೇ ಗಲ್ಲಾ.

ಕಸೂತಿಯ ಬಗ್ಗೆ ಬಲ್ಲವರಿಗೂ ಒಂದೆರಡು ಮಾತು ನೆನಪಿಸಬೇಕು, ಏಕೆಂದರೆ ನಮ್ಮ ವ್ಯಾಪಾರದ ಯುಕ್ತಿಗಳೆಲ್ಲ ಆ ಹೊಲಿಗೆಯಿಂದಲೇ ಹುಟ್ಟಿದವು. ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ. ನೆಯ್ಗೆಯ ಎಳೆಗಳನ್ನು ಎಣಿಸುತ್ತ ಹೊಲಿಯಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರ್ಗಿ, ನೇಯ್ಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಲ್ಲಿಯೇ ಗೋಪುರ, ತೇರು, ಅಂಬಾರಿ, ತುಳಸಿಕಟ್ಟೆ, ನವಿಲು, ನಂದಿ ಎಲ್ಲವೂ ಮೂಡಬೇಕು. ಗವಂತಿಯಲ್ಲಿ ಸೂಜಿ ಹೋಗುವಾಗ ನಡುನಡುವೆ ಜಾಗ ಬಿಡುತ್ತ ಹೋಗುತ್ತದೆ, ಅದೇ ದಾರಿಯಲ್ಲಿ ಮರಳಿ ಬರುವಾಗ ಆ ಜಾಗಗಳನ್ನು ತುಂಬುತ್ತ ಬರುತ್ತದೆ. ಹೀಗಾಗಿ ಗವಂತಿ, ಮುರ್ಗಿಗಳಲ್ಲಿ ಬಟ್ಟೆಯ ಎರಡೂ ಬದಿ ಒಂದೇ ಚಿತ್ರ. ತುಂಬು ಸೆರಗಿನ ಕೆಲಸಕ್ಕೆ ವಾರಗಳಲ್ಲ, ತಿಂಗಳುಗಳು ಬೇಕು.

ಇಂಥ ನಿಧಾನದ ಸರಕನ್ನು ಮಾರುವ ಪ್ರಶ್ನೆ ಹೊಸದೇನಲ್ಲ. ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿಯವರು, ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದ ಕಥೆಯನ್ನು ಕನ್ನಡಿಗರು ಇಂದಿಗೂ ಹೇಳಿಕೊಳ್ಳುತ್ತಾರೆ. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಓದುಗರನ್ನು ಚಂದಾದಾರರನ್ನಾಗಿ ಮಾಡಿಕೊಂಡು ಪುಸ್ತಕಗಳನ್ನು ಮನೆಗೆ ಮುಟ್ಟಿಸಿತು. ಒಬ್ಬರದು ಮನೆಬಾಗಿಲಿನ ಪರಿಚಯ, ಇನ್ನೊಂದು ನಂಬಿಕೆಯ ಒಪ್ಪಂದ. ನಾವು ವಾಸಿಸುವ ಈ ಊರಿನಲ್ಲಿಯೂ ಅಂಥದೊಂದು ಪರಂಪರೆ ಇದೆ. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರರು 1938ರಲ್ಲಿ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಆರಂಭಿಸಿದ ನುಮಾಯಿಶ್ ಇಂದಿಗೂ ನಾಂಪಲ್ಲಿಯ ಮೈದಾನದಲ್ಲಿ ಜನವರಿ ಒಂದರಿಂದ ಒಂದೂವರೆ ತಿಂಗಳು ನಡೆಯುತ್ತದೆ. ಕಾಶ್ಮೀರದ ಶಾಲಿನವರು, ಲಖನೌದ ಚಿಕನ್ ಕೆಲಸದವರು ವರ್ಷವರ್ಷವೂ ಬರುತ್ತಾರೆ. ಹಳೆಯ ಗಿರಾಕಿಗಳು ಅವರ ಮಳಿಗೆಯನ್ನು ಹುಡುಕಿಕೊಂಡು ಹೋಗಿ, ಮನೆಯವರ ಕ್ಷೇಮ ಕೇಳಿ, ಆಮೇಲೆ ಬೆಲೆ ಕೇಳುತ್ತಾರೆ. ಮಾರುಕಟ್ಟೆಯ ಶಾಸ್ತ್ರವೆಂದು ಇಂದು ಹೇಳಿಕೊಡುವ ಪಾಠಗಳ ಮುಖ್ಯಾಂಶ ಇಷ್ಟರಲ್ಲಿಯೇ ಇದೆ.

ಜಾಲತಾಣಕ್ಕೂ ನುಮಾಯಿಶಿಗೂ ಇರುವ ದೊಡ್ಡ ವ್ಯತ್ಯಾಸ ಹಸಿವಿನದು. ಮೇಳ ವರ್ಷಕ್ಕೊಮ್ಮೆ ಬರುತ್ತದೆ. ಇನ್‌ಸ್ಟಾಗ್ರಾಮ್ ದಿನವೂ ಉಣಲು ಕೇಳುತ್ತದೆ. ದಿನಕ್ಕೊಂದು ಹೊಸ ಸರಕು ತೋರಿಸೆಂದರೆ ಕಸೂತಿಯವರು ತೋರಿಸುವುದೇನು? ನಾವು ಕಂಡುಕೊಂಡ ದಾರಿ ಸರಳವಾದುದು. ಹೊಸ ಸರಕಿನ ಬದಲು ಒಂದೇ ಸರಕಿನ ಬೆಳವಣಿಗೆಯನ್ನು ತೋರಿಸತೊಡಗಿದೆವು. ಸೋಮವಾರ ಗೋಪುರದ ಮೊದಲ ಮೆಟ್ಟಿಲು, ಗುರುವಾರ ಕಳಸ, ಮುಂದಿನ ವಾರ ಪಕ್ಕದ ತೇರು. ಒಂದು ಸೀರೆ ಎರಡು ತಿಂಗಳ ಮಾತಿಗೆ ಸಾಕಾಗುತ್ತದೆ. ನೋಡುವವರೂ ಧಾರಾವಾಹಿಯಂತೆ ಕಾಯತೊಡಗಿದರು. ಎರಡು ತಿಂಗಳ ದುಡಿಮೆಯನ್ನು ಕಣ್ಣಾರೆ ಕಂಡವರು ಕೊನೆಗೆ ಬೆಲೆಯ ಬಗ್ಗೆ ಚೌಕಾಶಿ ಮಾಡುವುದು ಅಪರೂಪ.

ಬೆಳಕಿನ ವಿಷಯವೂ ಹಾಗೆಯೇ. ಕಪ್ಪು ಚಂದ್ರಕಾಳಿ ಸೀರೆಯ ಮೇಲಿನ ಕಸೂತಿಯನ್ನು ವಿದ್ಯುದ್ದೀಪದ ಕೆಳಗೆ ತೆಗೆದರೆ ಬಟ್ಟೆ ಬೂದಿಯಾಗಿಯೂ ದಾರ ಬೆಂಕಿಯಾಗಿಯೂ ಕಾಣುತ್ತದೆ. ಬೆಳಗಿನ ಹೊತ್ತು ಕಿಟಕಿಯ ಪಕ್ಕದ ಓರೆ ಬೆಳಕು ಸಾಕು, ಬೇರಾವ ಸಲಕರಣೆಯೂ ಬೇಡ. ಅಳತೆ ತಿಳಿಯಲೆಂದು ಚಿತ್ರದ ಪಕ್ಕ ಒಂದು ರೂಪಾಯಿಯ ನಾಣ್ಯ ಇಡುತ್ತೇವೆ. ಬಣ್ಣ ತಿದ್ದುವ ಫಿಲ್ಟರುಗಳನ್ನು ಮುಟ್ಟುವುದಿಲ್ಲ. ಫೋಟೋದ ಕೆಂಪಿಗೂ ಕೈಗೆ ಬಂದ ಕೆಂಪಿಗೂ ಹೊಂದದಿದ್ದರೆ ಆ ಗಿರಾಕಿ ಮತ್ತೆ ಬರುವುದಿಲ್ಲ.

ನಮ್ಮ ವಿಡಿಯೋಗಳಲ್ಲಿ ಅತಿ ಹೆಚ್ಚು ಜನ ನೋಡಿದ್ದು ಇಪ್ಪತ್ತು ಸೆಕೆಂಡಿನ ಒಂದು ತುಣುಕು. ಅದರಲ್ಲಿ ಸಂಗೀತವಿಲ್ಲ, ಮಾತಿಲ್ಲ. ಒಂದು ಕೈ ಕುಪ್ಪಸದ ಕಣವನ್ನು ತೋರಿಸಿ, ನಿಧಾನವಾಗಿ ಮಗುಚುತ್ತದೆ. ಹಿಂಬದಿಯಲ್ಲಿಯೂ ಅದೇ ಅಂಬಾರಿ. ಯಂತ್ರದ ಕಸೂತಿಯ ಹಿಂಬದಿಯಲ್ಲಿ ಕಾಣುವ ದಾರದ ಗೋಜಲು ಇಲ್ಲ, ಅಂಟಿಸಿದ ಕಾಗದವಿಲ್ಲ. ನಾವು ಉದ್ದದ ಬರಹಗಳಲ್ಲಿ ವಿವರಿಸುತ್ತಿದ್ದುದನ್ನು ಆ ಮಗುಚುವಿಕೆ ಒಂದೇ ಏಟಿಗೆ ಹೇಳಿತು. ಪ್ರತಿಯೊಂದು ಕಸುಬಿಗೂ ಇಂಥದೊಂದು ಹಿಂಬದಿ ಇರುತ್ತದೆ: ಬಿದರಿ ಕೆಲಸದಲ್ಲಿ ಬೀದರ ಕೋಟೆಯ ಮಣ್ಣಿನ ದ್ರಾವಣದಲ್ಲಿ ಅದ್ದಿದಾಗ ಸತುವು ಕಪ್ಪಾಗಿ ಬೆಳ್ಳಿ ಹೊಳೆಯುವ ಗಳಿಗೆ, ಲಾಡ್ ಬಜಾರಿನ ಬಳೆಗಾರರು ಕೆಂಡದ ಮೇಲೆ ಅರಗನ್ನು ಮೆತ್ತಗೆ ಮಾಡುವ ಗಳಿಗೆ. ಕೊಳ್ಳುವವರು ಸಾಮಾನ್ಯವಾಗಿ ಕಾಣದ ಆ ಗಳಿಗೆಯೇ ಮಾರುವವರ ಬಲವಾದ ಜಾಹೀರಾತು.

ಆ ತುಣುಕು ಹರಿದಾಡಿದ ವಾರ ಬಂದ ಬೇಡಿಕೆಗಳನ್ನು ನೋಡಿ ನಮಗೆ ಸಂತೋಷಕ್ಕಿಂತ ದಿಗಿಲಾಯಿತು. ಹನ್ನೆರಡು ಜೋಡಿ ಕೈಗಳು ಒಂದು ವರ್ಷ ಹೊಲಿದರೂ ಮುಗಿಯದಷ್ಟು ಕೆಲಸ. ಹೈಟೆಕ್ ಸಿಟಿಯ ಕಡೆಯ ಒಂದು ಕಂಪನಿಯವರು ದೀಪಾವಳಿಯ ಉಡುಗೊರೆಗೆಂದು ಇನ್ನೂರು ಒಂದೇ ನಮೂನೆಯ ತುಂಡುಗಳನ್ನು ಆರು ವಾರಗಳಲ್ಲಿ ಕೇಳಿದರು. ಒಪ್ಪಿಕೊಂಡರೆ ಎರಡೇ ದಾರಿ: ಹೊಲಿಯುವವರನ್ನು ರಾತ್ರಿ ದೀಪದ ಕೆಳಗೆ ಕೂರಿಸುವುದು, ಇಲ್ಲವೇ ಯಂತ್ರಕ್ಕೆ ಕೊಡುವುದು. ಎಳೆ ಎಣಿಸುವ ಕೆಲಸ ಕಣ್ಣನ್ನು ತಿನ್ನುತ್ತದೆ. ಐವತ್ತು ದಾಟಿದವರು ಅವರಲ್ಲಿ ಐದು ಮಂದಿ ಇದ್ದಾರೆ. ನಾವು ಒಪ್ಪಲಿಲ್ಲ. ಬದಲಿಗೆ ಪುಟದ ಮೇಲ್ಭಾಗದಲ್ಲಿಯೇ ‘ಈಗ ಕೊಟ್ಟ ಬೇಡಿಕೆ ಇಷ್ಟು ತಿಂಗಳ ನಂತರ ಸಿಗುತ್ತದೆ’ ಎಂದು ಬರೆದು, ಕಾಯುವವರ ಪಟ್ಟಿ ತೆರೆದೆವು. ಕೆಲವರು ಹೋದರು. ಉಳಿದವರು ಸೀಮಂತಕ್ಕೆ, ಮದುವೆಗೆ ಮುಂಚಿತವಾಗಿಯೇ ಹೇಳುವುದನ್ನು ರೂಢಿಸಿಕೊಂಡರು. ಹೆಚ್ಚು ಜನರನ್ನು ತಲುಪುವುದೇ ಗುರಿ ಎಂದು ಹೇಳುವ ಪಾಠಗಳು ಸಣ್ಣ ಕಸುಬಿನ ಈ ಮಿತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮಗೆ ಬೇಕಾದುದು ಸಾವಿರಾರು ನೋಡುಗರಲ್ಲ, ಕಾಯಬಲ್ಲ ನೂರಿನ್ನೂರು ಮಂದಿ.

ಆ ನೂರಿನ್ನೂರು ಮಂದಿಯನ್ನು ಎಲ್ಲಿ ಕಾಪಾಡಿಕೊಳ್ಳಬೇಕು ಎಂಬುದು ಮುಂದಿನ ಪ್ರಶ್ನೆ. 2020ರ ಜೂನ್ ಕೊನೆಯಲ್ಲಿ ಟಿಕ್‌ಟಾಕ್ ನಿಷೇಧವಾದಾಗ ವರ್ಷಗಟ್ಟಲೆ ಅಲ್ಲಿ ಜನರನ್ನು ಕೂಡಿಸಿದ್ದವರ ಅಂಗಳ ಒಂದೇ ರಾತ್ರಿಯಲ್ಲಿ ಖಾಲಿಯಾಯಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಮ್ ರೀಲ್ಸ್ ಭಾರತಕ್ಕೆ ಬಂದಿತು. ಆದರೆ ಹಳೆಯ ಗಿರಾಕಿಗಳ ವಿಳಾಸ ಬರೆದಿಟ್ಟುಕೊಂಡಿರದವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ಜಾಲತಾಣದ ಪುಟ ಬಾಡಿಗೆ ಮನೆ. ಗೋಡೆಗೆ ಮೊಳೆ ಹೊಡೆಯಬಹುದು, ಆದರೆ ಮಾಲೀಕರು ಬಿಡು ಎಂದಾಗ ಬಿಡಬೇಕು. ಆದ್ದರಿಂದ ನಮ್ಮಲ್ಲಿ ಒಂದು ಕಾಗದದ ಪುಸ್ತಕವಿದೆ. ಯಾರು, ಯಾವ ಊರು, ಏನು ಕೊಂಡರು, ಯಾರ ಮೂಲಕ ಬಂದರು, ಯಾವ ಬಣ್ಣ ಇಷ್ಟ ಎಂಬುದೆಲ್ಲ ಅದರಲ್ಲಿ ಬರೆದಿದೆ. ಅದನ್ನು ತಿರುವಿ ನೋಡಿದರೆ ಹತ್ತರಲ್ಲಿ ಆರೇಳು ಮಂದಿ ಇನ್ನೊಬ್ಬ ಗಿರಾಕಿಯ ಮಾತು ಕೇಳಿ ಬಂದವರು. ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತಿನಿಂದ ಮೆಚ್ಚುಗೆಯ ಗುರುತುಗಳು ಬಂದವು. ಬೇಡಿಕೆ ಬಂದದ್ದು ಬಾಯಿಮಾತಿನಿಂದ.

ಹಾಗಾಗಿ ಇನ್‌ಸ್ಟಾಗ್ರಾಮನ್ನು ನಾವು ಬೀದಿಬಾಗಿಲೆಂದೂ ವಾಟ್ಸಾಪನ್ನು ಪಡಸಾಲೆಯೆಂದೂ ಬಗೆಯುತ್ತೇವೆ. 2018ರಲ್ಲಿ ಬಂದ ವಾಟ್ಸಾಪ್ ಬಿಸಿನೆಸ್‌ನಲ್ಲಿ ಸರಕಿನ ಪಟ್ಟಿಯನ್ನು ಬೆಲೆಯ ಸಮೇತ ಇಡಬಹುದು. ಪ್ರಸಾರ ಪಟ್ಟಿಯೊಂದರಲ್ಲಿ 256 ಜನರಿಗಷ್ಟೇ ಜಾಗ. ಅದೂ ನಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ಮೇಲುನೋಟಕ್ಕೆ ಇದು ತೊಡಕು. ನಮಗೆ ಇದು ವರವಾಯಿತು. ಬೇಡದವರ ಮನೆಗೆ ನುಗ್ಗಿದಂತಾಗುವುದಿಲ್ಲ. ತಿಂಗಳಿಗೆ ಎರಡಕ್ಕಿಂತ ಹೆಚ್ಚು ಸಂದೇಶ ಕಳಿಸಬಾರದೆಂಬ ಕಟ್ಟಳೆಯನ್ನು ನಾವೇ ಹಾಕಿಕೊಂಡಿದ್ದೇವೆ. ಬೆಲೆಯನ್ನು ಗುಟ್ಟಾಗಿ ಇಡುವುದೂ ಇಲ್ಲ. ‘ಬೆಲೆಗೆ ಇನ್‌ಬಾಕ್ಸ್ ಮಾಡಿ’ ಎಂದು ಬರೆದರೆ ಗಿರಾಕಿಯ ಮುಖ ನೋಡಿ ಮಣೆ ಹಾಕುತ್ತಾರೆಂಬ ಗುಮಾನಿ ಹುಟ್ಟುತ್ತದೆ. ಬೆಲೆಯ ಕೆಳಗೆ ಬಟ್ಟೆಗೆಷ್ಟು, ದಾರಕ್ಕೆಷ್ಟು, ಕೈಕೂಲಿಗೆಷ್ಟು ಎಂಬುದನ್ನೂ ಬರೆಯುತ್ತೇವೆ. ಕೈಕೂಲಿಯ ಸಾಲು ಎಲ್ಲಕ್ಕಿಂತ ದೊಡ್ಡದು, ಅದು ಹಾಗೆ ಕಾಣಬೇಕೆಂಬುದೇ ನಮ್ಮ ಉದ್ದೇಶ.

ಭಾಷೆಯ ಬಗ್ಗೆ ನಮ್ಮೊಳಗೆ ದೀರ್ಘ ಚರ್ಚೆ ನಡೆಯಿತು. ಹೈದರಾಬಾದಿನಲ್ಲಿ ಮಾರುವವರು ಇಂಗ್ಲಿಷಿನಲ್ಲಿಯೋ ತೆಲುಗಿನಲ್ಲಿಯೋ ಬರೆಯಬೇಕೆಂಬುದು ಲೋಕರೂಢಿ. ಕೊನೆಗೆ ಮೊದಲ ಎರಡು ಸಾಲು ಕನ್ನಡದಲ್ಲಿ, ಅದರ ಕೆಳಗೆ ತೆಲುಗು, ಇಂಗ್ಲಿಷ್ ಎಂದು ನಿಶ್ಚಯಿಸಿದೆವು. ಫಲ ಅನಿರೀಕ್ಷಿತವಾಗಿತ್ತು. ಕಾಚಿಗೂಡದ ಕನ್ನಡದ ಮನೆಗಳು ಮೊದಲು ಬಂದವು, ಅದು ಸಹಜ. ತೆಲುಗು ಬಲ್ಲವರು ನಮ್ಮ ಅಕ್ಷರಗಳನ್ನು ಕೂಡಿಸಿಕೂಡಿಸಿ ಓದುತ್ತ, ‘ಸೆರಗು’ ಎಂದರೆ ಏನು, ‘ಕಣ’ ಎಂದರೆ ಏನು ಎಂದು ಕೇಳುತ್ತ ಮಾತಿಗಿಳಿದರು. 1956ರವರೆಗೆ ಬೀದರ, ಕಲಬುರಗಿ, ರಾಯಚೂರುಗಳು ಹೈದರಾಬಾದ್ ರಾಜ್ಯದ ಜಿಲ್ಲೆಗಳೇ ಆಗಿದ್ದವಲ್ಲವೇ? ‘ನಮ್ಮ ಅಜ್ಜಿ ಇಂಥ ಸೀರೆ ಉಡುತ್ತಿದ್ದರು, ಅವರು ರಾಯಚೂರಿನ ಕಡೆಯವರು’ ಎಂದು ದಖನಿಯಲ್ಲಿ ಬರೆದವರೂ ಇದ್ದಾರೆ. ಕನ್ನಡ ನಮ್ಮ ಮಾರುಕಟ್ಟೆಯನ್ನು ಕಿರಿದು ಮಾಡಲಿಲ್ಲ; ಸರಕು ಎಲ್ಲಿಂದ ಬಂದಿತೆಂಬುದಕ್ಕೆ ಅದೇ ಮುದ್ರೆಯಾಯಿತು.

ಎಲ್ಲವೂ ಇಷ್ಟು ಸುಸೂತ್ರವೇನಲ್ಲ. ನಾವು ಹಾಕಿದ ತೇರಿನ ಚಿತ್ರವನ್ನೇ ಎತ್ತಿಕೊಂಡು, ಪಾಲಿಯೆಸ್ಟರ್ ಬಟ್ಟೆಯ ಮೇಲೆ ಅಚ್ಚು ಹಾಕಿ, ‘ಕಸೂತಿ ಸೀರೆ’ ಎಂಬ ಹೆಸರಿನಲ್ಲಿಯೇ ಒಂದು ಆನ್‌ಲೈನ್ ಅಂಗಡಿಯವರು ನಮ್ಮ ಬೆಲೆಯ ಹತ್ತನೆಯ ಒಂದು ಭಾಗಕ್ಕೆ ಮಾರಿದರು. ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ ನಾಲ್ವರು ಗೃಹಿಣಿಯರು ನ್ಯಾಯಾಲಯದ ಮೆಟ್ಟಿಲು ಹತ್ತುವ ಹೊತ್ತಿಗೆ ಆ ಅಂಗಡಿ ಹೆಸರು ಬದಲಿಸಿರುತ್ತದೆ. ದೂರು ಸಲ್ಲಿಸಿ ಚಿತ್ರ ತೆಗೆಸಿದೆವು, ಅದು ಬೇರೆಡೆ ಮತ್ತೆ ಕಾಣಿಸಿತು. ಅಂದಿನಿಂದ ಪ್ರತಿ ಸರಕಿನ ಜೊತೆಗೂ ಒಂದು ಚೀಟಿ ಇಡುತ್ತೇವೆ: ಬಟ್ಟೆಯನ್ನು ಮಗುಚಿ ನೋಡಿ, ಗಂಟು ಹುಡುಕಿ, ಎಳೆ ಎಣಿಸಿ. ನಕಲನ್ನು ತಡೆಯುವ ಶಕ್ತಿ ನಮಗಿಲ್ಲ. ನೋಡುವ ಕಣ್ಣನ್ನು ತಿದ್ದುವುದಷ್ಟೇ ಸಾಧ್ಯ.

ಎಲ್ಲಕ್ಕಿಂತ ಕಠಿಣವಾದುದು ಮುಖದ ಪ್ರಶ್ನೆ. ಹೊಲಿಯುವವರ ಮುಖ ತೋರಿಸಿದರೆ, ಅವರ ಬಡತನದ ಕಥೆ ಹೇಳಿದರೆ, ನೋಡುವವರು ಹೆಚ್ಚುತ್ತಾರೆಂದು ಬಲ್ಲವರು ಸಲಹೆ ಕೊಟ್ಟರು. ಕೇಳಿ ನೋಡಿದೆವು. ಅವರಲ್ಲಿ ಹಿರಿಯರಾದ ಒಬ್ಬ ಅವ್ವ ಸೂಜಿಯಿಂದ ಕಣ್ಣೆತ್ತದೆಯೇ, “ಮಾರಿ ಬ್ಯಾಡ್ರೆವಾ, ಕೈ ಅಷ್ಟ ತೋರಸ್ರಿ. ಹೆಸರು ಮಾತ್ರ ಬರೀರಿ, ಇದು ನಾ ಹಾಕಿದ್ದು ಅಂತ ನಾಕ ಮಂದಿಗೆ ತಿಳೀಲಿ” ಎಂದರು. ಕರುಣೆ ಬೇಡ, ಕರ್ತೃತ್ವ ಬೇಕು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವುದು ಕಷ್ಟ. ಅಂದಿನಿಂದ ಚಿತ್ರಗಳಲ್ಲಿ ಕೈಗಳಿರುತ್ತವೆ, ಒಪ್ಪಿದವರ ಹೆಸರು ಸರಕಿನ ಚೀಟಿಯಲ್ಲಿರುತ್ತದೆ. ಗಿರಾಕಿಗಳು ಈಗ ಹೆಸರು ಹಿಡಿದೇ ಕೇಳುತ್ತಾರೆ, ‘ಆ ನವಿಲು ಹಾಕಿದವರೇ ನಮ್ಮ ಕುಪ್ಪಸಕ್ಕೂ ಹಾಕಲಿ’ ಎಂದು. ಹಾಗೆ ಹೆಸರು ಹಿಡಿದು ಕೇಳಿದ ಕೆಲಸಕ್ಕೆ ಕೈಕೂಲಿ ಹೆಚ್ಚು. ಇದು ಅವರೇ ಇಟ್ಟ ಷರತ್ತು, ನ್ಯಾಯವಾದದ್ದೂ ಹೌದು.

ಈಗ ಒಂದು ಹೊಸ ಕೆಲಸ ಹಿಡಿದಿದ್ದೇವೆ. ಊರು ಬಿಟ್ಟು ಬಂದ ಕನ್ನಡದ ಮನೆಗಳ ಟ್ರಂಕುಗಳಲ್ಲಿ ಅಜ್ಜಿಯಂದಿರ ಇಳಕಲ್ ಸೀರೆಗಳು ಇನ್ನೂ ಉಳಿದಿವೆ. ಅವುಗಳ ಸೆರಗಿನಲ್ಲಿ ಇಂದು ಯಾರೂ ಹಾಕದ ನಮೂನೆಗಳಿವೆ, ಕೆಲವಕ್ಕೆ ಹೆಸರೂ ಮರೆತುಹೋಗಿದೆ. ಗಿರಾಕಿಗಳನ್ನು ಕೇಳಿಕೊಂಡೆವು: ಕಿಟಕಿಯ ಬೆಳಕಿನಲ್ಲಿ, ಎರಡೂ ಬದಿಯ ಚಿತ್ರ ತೆಗೆದು ಕಳಿಸಿ, ಪಕ್ಕದಲ್ಲಿ ಒಂದು ನಾಣ್ಯವಿರಲಿ. ಪುಣೆಯಿಂದ, ಸೊಲ್ಲಾಪುರದಿಂದ, ಇದೇ ಊರಿನ ಬರ್ಕತ್‌ಪುರದಿಂದ ಚಿತ್ರಗಳು ಬರುತ್ತಿವೆ. ಅವನ್ನು ಧಾರವಾಡಕ್ಕೆ ಕಳಿಸಿದರೆ ಅಲ್ಲಿಯ ಹೆಣ್ಣುಮಕ್ಕಳು ಎಳೆ ಎಣಿಸಿ ಚೌಕದ ಹಾಳೆಯ ಮೇಲೆ ಇಳಿಸಿಕೊಳ್ಳುತ್ತಾರೆ; ಹೆಸರು ಬಲ್ಲ ಹಿರಿಯರಿದ್ದರೆ ಹೆಸರನ್ನೂ ಬರೆಯುತ್ತಾರೆ. ಹಾಳೆಗಳು ಇದುವರೆಗೆ ನಲವತ್ತಾಗಿವೆ. ಓದುಗರ ಮನೆಯ ಟ್ರಂಕಿನಲ್ಲಿಯೂ ಅಂಥದೊಂದು ಸೀರೆ ಇದ್ದರೆ, ಮಡಿಕೆ ಮುರಿಯುವ ಮುನ್ನ ಒಮ್ಮೆ ಬಿಡಿಸಿ, ಮಗುಚಿ ನೋಡಬೇಕೆಂದು ಕೋರುತ್ತೇವೆ.