ರೊಟ್ಟಿಯ ಮೇಲೊಂದು ಹೋಲ್ಡ್

ಅಕ್ಕಿರೊಟ್ಟಿ ತಟ್ಟುವಾಗ ಎಣ್ಣೆ ಬಿಡಲೆಂದು ಅಮ್ಮ ನಡುವೆ ಬೆರಳಿನಿಂದೊಂದು ತೂತು ಮಾಡುತ್ತಾಳೆ. ನನ್ನ ಕಣ್ಣಿಗೆ ಅದು ವಿಮಾನಗಳಿಗೆ ದಿಕ್ಕು ತೋರುವ ವಿಓಆರ್ ರೇಡಿಯೊ ಕೇಂದ್ರ, ರೊಟ್ಟಿಯ ಅಂಚು ದಿಕ್ಕಿನ ಡಿಗ್ರಿಗಳು. ಚಟ್ನಿ ಬೆರಳಲ್ಲಿ ಗೆರೆ ಎಳೆಯುತ್ತ ಕೂತರೆ, "ತಿನ್ನೋ ರೊಟ್ಟಿ ಮೇಲೆ ಏನೇ ನಿನ್ನ ರಂಗೋಲಿ?" ಎಂದು ರೇಗುತ್ತಾಳೆ.

ಪೈಲಟ್‌ಗಳ ಇನ್‌ಸ್ಟ್ರುಮೆಂಟ್ ರೇಟಿಂಗ್ ಪರೀಕ್ಷೆಗೆ ಓದುವಾಗ ಹತ್ತಿದ ಚಟ ಇದು. ಕಂಟ್ರೋಲರ್ ಕಾಯಿರಿ ಎಂದರೆ ಬಸ್ಸಿನ ಹಾಗೆ ಪಕ್ಕಕ್ಕೆ ಹಾಕಿ ನಿಲ್ಲುವುದಕ್ಕಾಗುತ್ತದೆಯೇ? ಸುತ್ತಬೇಕು; ಅದೇ ಹೋಲ್ಡ್. ಕೇಂದ್ರದತ್ತ 1 ನಿಮಿಷ, ಬಲಕ್ಕೆ ಹೊರಳಲು 1, ಹೊರಗೆ ಸಾಗಲು 1, ಮತ್ತೆ ಬಲಕ್ಕೆ ಹೊರಳಲು 1. ಗಾಳಿಯಿಲ್ಲದ ದಿನ 4 ನಿಮಿಷಕ್ಕೊಂದು ಸುತ್ತು. ಬೇರೆ ಹೇಳದಿದ್ದರೆ ತಿರುವು ಬಲಕ್ಕೇ, ದೇವಸ್ಥಾನದ ಪ್ರದಕ್ಷಿಣೆಯಂತೆ.

ಸುತ್ತುವುದು ಸುಲಭ, ಸುತ್ತಿನೊಳಗೆ ಸೇರುವುದರಲ್ಲೇ ಸ್ವಾರಸ್ಯ. ಬರುವ ದಿಕ್ಕಿಗೆ ತಕ್ಕಂತೆ ಮೂರು ಬಾಗಿಲು: ಡೈರೆಕ್ಟ್, ಪ್ಯಾರಲಲ್, ಟಿಯರ್‌ಡ್ರಾಪ್. ಹೊರಗೆ ಸಾಗುವ ದಿಕ್ಕು ನಮ್ಮ ಮೂತಿಯಿಂದ ಬಲಕ್ಕೆ 70 ಡಿಗ್ರಿಯೊಳಗಿದ್ದರೆ ಟಿಯರ್‌ಡ್ರಾಪ್, ಎಡಕ್ಕೆ 110ರೊಳಗಿದ್ದರೆ ಪ್ಯಾರಲಲ್, ಮಿಕ್ಕ 180 ಡೈರೆಕ್ಟ್. ಗಡಿಯಿಂದ 5 ಡಿಗ್ರಿ ಆಚೀಚೆ ಇದ್ದರೆ ಎರಡರಲ್ಲಿ ಯಾವುದಾದರೂ ಸರಿ. ಶಾಸ್ತ್ರದಲ್ಲೂ ಇಷ್ಟು ದಾಕ್ಷಿಣ್ಯವಿದೆ ಎಂದು ತಿಳಿದ ದಿನ ನಾನು ಇದನ್ನು ಪ್ರೀತಿಸತೊಡಗಿದೆ.

ಮೊದಲು ಮುಗ್ಗರಿಸಿದ್ದೂ ಚೆನ್ನಾಗಿ ನೆನಪಿದೆ. ಪ್ರಶ್ನೆ: 090 ರೇಡಿಯಲ್ ಮೇಲೆ ಹೋಲ್ಡ್, ಬಲ ತಿರುವು, ನಿಮ್ಮ ಹೆಡಿಂಗ್, ಅಂದರೆ ಮೂತಿಯ ದಿಕ್ಕು, 050. ನಾನು 090 ಎಂದರೆ ಕೇಂದ್ರಕ್ಕೆ ಬರುವ ದಾರಿ ಎಂದುಕೊಂಡು, ಥಟ್ಟನೆ "ಡೈರೆಕ್ಟ್ ಸಾರ್" ಎಂದೆ. ಮೇಷ್ಟ್ರು ಕನ್ನಡಕ ಮೇಲೇರಿಸಿ, "ದೀಪದ ಬೆಳಕು ಹೊರಗೆ ಹೋಗುತ್ತೋ, ಒಳಗೆ ಬರುತ್ತೋ ಅಮ್ಮ?" ಎಂದು ಕೇಳಿದರು. ರೇಡಿಯಲ್ ಯಾವಾಗಲೂ ಕೇಂದ್ರದಿಂದ ಹೊರಕ್ಕೆ. ಹಾಗಾದರೆ ಬರುವ ದಾರಿ 270, ಹೊರ ದಾರಿ 090, ಅದು ನನ್ನ ಬಲಕ್ಕೆ 40 ಡಿಗ್ರಿ. ಟಿಯರ್‌ಡ್ರಾಪ್! ಕೇಂದ್ರ ದಾಟಿ 060ಕ್ಕೆ 1 ನಿಮಿಷ ಸಾಗಿ, ಬಲಕ್ಕೆ ಹೊರಳಿ 270 ಹಿಡಿಯುವುದು. ಕಾಗದದ ಮೇಲೆ ಆ ಗೆರೆ ಹನಿಯಾಗಿ ಕೂಡಿಕೊಂಡಾಗ, ಎಳೆ ತಪ್ಪದೆ ರಂಗೋಲಿ ಮುಗಿಸಿದ ಸಮಾಧಾನ.

ಆಕಾಶದಲ್ಲಿ ಇಷ್ಟು ಬಿಡುವಿಲ್ಲ. 90 ನಾಟ್ ವೇಗದ ಪುಟ್ಟ ಸೆಸ್ನಾ ಕೂಡ ನಿಮಿಷಕ್ಕೆ ಒಂದೂವರೆ ನಾಟಿಕಲ್ ಮೈಲಿ ನುಂಗುತ್ತದೆ. ಕೇಂದ್ರ ಕಾಲ ಕೆಳಗೆ ಬಂದಮೇಲೆ ಯೋಚಿಸುವುದು, ನೆಂಟರು ಬಾಗಿಲಿಗೆ ಬಂದಮೇಲೆ ಅಕ್ಕಿ ನೆನೆಹಾಕಿದ ಹಾಗೆ.

ದೊಡ್ಡ ವಿಮಾನಗಳಲ್ಲಿ ಈ ಲೆಕ್ಕವನ್ನು ಕಂಪ್ಯೂಟರೇ ಮಾಡುತ್ತದೆ. ಆದರೂ ಚಳಿಗಾಲದ ಬೆಳಗಿನ ಮಂಜಿಗೆ ಬೆಂಗಳೂರಿನ ಮೇಲೆ ವಿಮಾನ ಸುತ್ತತೊಡಗಿತೆಂದರೆ, ಪ್ರಯಾಣಿಕಳಾದ ನಾನು ಗಡಿಯಾರ ನೋಡುತ್ತ ತಿರುವು ಎಣಿಸುತ್ತೇನೆ. ಪಕ್ಕದವರಿಗೆ ತಡವಾಗುವ ಸಂಕಟ, ನನಗೆ ಬಿಟ್ಟಿ ಅಭ್ಯಾಸ.

ಈಚೆಗೆ ಅಮ್ಮನೂ ರೊಟ್ಟಿ ತಟ್ಟೆಗೆ ಹಾಕಿ ಕೇಳುತ್ತಾಳೆ: "ಇವತ್ತು ಯಾವ ಕಡೆಯಿಂದ ಬರ್ತೀಯೇ? ಬೇಗ ಬಾ, ಆರಿಹೋಗುತ್ತೆ."