ಪಕ್ಕದ ಹೊಲಕ್ಕೆ ದಾರಿ

ನಮ್ಮ ಅಜ್ಜಂಪುರದ ಕಡೆ ಹೊಲ ಕೊಳ್ಳೋಕೆ ಹೋದವರು ಮಣ್ಣು ನೋಡ್ತಾರೆ, ಬೋರ್‌ನಲ್ಲಿ ನೀರು ಎಷ್ಟಿದೆ ಅಂತ ಕೇಳ್ತಾರೆ. ಆಮೇಲೆ ಕೇಳೋದು, ‘ನಕಾಶೆಯಲ್ಲಿ ದಾರಿ ಇದೆಯಾ?’ ಈರುಳ್ಳಿ ಮೂಟೆ ತುಂಬಿದ ಟ್ರ್ಯಾಕ್ಟರ್ ರಸ್ತೆಗೆ ಬರಬೇಕಲ್ಲ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ ಇದ್ದರೆ ಯಾರೂ ತಡೆಯೋ ಹಾಗಿಲ್ಲ. ಇಲ್ಲದಿದ್ದರೆ ಪಕ್ಕದವರ ಬದುವಿನ ಮೇಲೆ ರೂಢಿ ದಾರಿ. ಅವರ ಮನಸ್ಸು ಕೆಟ್ಟರೆ ತಹಶೀಲ್ದಾರರ ಕಚೇರಿಗೆ ಅಲೆದಾಟ.

ನಾನು ಸಾಫ್ಟ್‌ವೇರ್ ಎಂಜಿನಿಯರ್. ಕಂಪನಿ ಬೆಂಗಳೂರಿನದು, ತಿಂಗಳಲ್ಲಿ ಒಂದು ವಾರ ಊರಿನ ಮನೆಯಿಂದಲೇ ಕೆಲಸ. ‘ದಿನಪೂರ್ತಿ ಆ ಪರದೆ ಮುಂದೆ ಏನು ಮಾಡ್ತೀಯ ಮಗಾ?’ ಅಂತ ಅಪ್ಪ ಕೇಳಿದಾಗ ನಾನು ಹೇಳಿದ್ದು ಒಂದೇ ಮಾತು: ‘ನಕಾಶೆ ಕಾಯ್ತೀನಪ್ಪ.’ ಸುಳ್ಳಲ್ಲ.

ಕ್ಲೌಡ್ ಅಂದರೆ ಬಾಡಿಗೆ ಜಾಗ. ಒಂದೇ ಡೇಟಾ ಸೆಂಟರ್, ಅದೇ ಯಂತ್ರಗಳು, ಅದೇ ಕೇಬಲ್ಲು; ಒಳಗೆ ನೂರಾರು ಬಾಡಿಗೆದಾರರು. ಒಬ್ಬರದು ಆಸ್ಪತ್ರೆ, ಇನ್ನೊಬ್ಬರದು ಬಟ್ಟೆ ಅಂಗಡಿ, ಮತ್ತೊಬ್ಬರದು ಸಾಲ ಕೊಡೋ ಆ್ಯಪ್. ಒಬ್ಬರ ದತ್ತಾಂಶ ಇನ್ನೊಬ್ಬರಿಗೆ ಕಾಣಬಾರದು. ಇದಕ್ಕೆ ಫೈರ್‌ವಾಲ್ ಇದೆಯಲ್ಲ ಅಂತ ಬಹಳ ಜನ ಅಂದುಕೊಳ್ತಾರೆ. ಫೈರ್‌ವಾಲ್ ಬಾಗಿಲಿಗೆ ಹಾಕಿದ ಬೀಗ. ಅದಕ್ಕಿಂತ ಮೊದಲು, ಆ ಬಾಗಿಲ ತನಕ ದಾರಿಯೇ ಇರಬಾರದು. ನೆಟ್‌ವರ್ಕ್‌ನಲ್ಲಿ ಆ ದಾರಿಗಳನ್ನು ಬರೆದಿಡುವ ಪಟ್ಟಿಗೆ ರೂಟ್ ಟೇಬಲ್ ಅಂತೀವಿ. ಯಾವ ವಿಳಾಸಕ್ಕೆ ಹೋಗಲು ಯಾವ ಕಡೆ ತಿರುಗಬೇಕು ಅನ್ನೋದಷ್ಟೇ ಅದರಲ್ಲಿರೋದು. ಅಪ್ಪನ ಭಾಷೆಯಲ್ಲಿ ನಕಾಶೆ.

ಒಂದೇ ನಕಾಶೆಯಲ್ಲಿ ಎಲ್ಲರನ್ನೂ ಬರೆದರೆ ಮೊದಲು ಎದುರಾಗೋದು ವಿಳಾಸದ ಗೊಂದಲ. ಖಾಸಗಿ ಜಾಲಗಳಿಗೆ ಅಂತಲೇ ಕೆಲವು ವಿಳಾಸಗಳನ್ನು 1994ರಲ್ಲಿ ಎತ್ತಿಟ್ಟರು. 10ರಿಂದ ಶುರುವಾಗುವ ಸುಮಾರು 1.67 ಕೋಟಿ ವಿಳಾಸಗಳು ಅದರಲ್ಲಿ ದೊಡ್ಡ ಗುಂಪು. ಯಾರು ಬೇಕಾದರೂ ಬಳಸಬಹುದು, ಹಾಗಾಗಿ ಎಲ್ಲರೂ ಬಳಸ್ತಾರೆ. ಆಸ್ಪತ್ರೆಯ ಸರ್ವರ್ರೂ 10.0.0.5, ಬಟ್ಟೆ ಅಂಗಡಿಯದೂ 10.0.0.5. ಕರ್ನಾಟಕದಲ್ಲಿ ಎಷ್ಟು ಹೊಸಹಳ್ಳಿಗಳಿಲ್ಲ? ಬರೀ ‘ಹೊಸಹಳ್ಳಿ’ ಅಂತ ಬರೆದ ಕಾಗದ ಎಲ್ಲಿಗೆ ಹೋಗಬೇಕು? ಅದಕ್ಕೇ 1972ರಲ್ಲಿ ಪಿನ್‌ಕೋಡ್ ಬಂತು. ನೆಟ್‌ವರ್ಕ್‌ನವರೂ ಅದನ್ನೇ ಮಾಡಿದರು. ಒಂದೇ ರೂಟರ್ ಒಳಗೆ ಪ್ರತಿ ಬಾಡಿಗೆದಾರನಿಗೂ ಪ್ರತ್ಯೇಕ ನಕಾಶೆ ಇಡುವುದು ವಿಆರ್‌ಎಫ್. ಆ ವಿಳಾಸಗಳನ್ನು ಇನ್ನೊಂದು ರೂಟರ್‌ಗೆ ಹೇಳಿ ಕಳಿಸುವಾಗ ಮುಂದೆ ಅಂಟಿಸುವ ಗುರುತು, ರೂಟ್ ಡಿಸ್ಟಿಂಗ್ವಿಷರ್, ಪಿನ್‌ಕೋಡ್ ಇದ್ದ ಹಾಗೆ. ಜಾಲಗಳನ್ನು ಬೇರೆಯಾಗಿಡೋಕೆ ಮೊದಲಿಂದ ಇದ್ದ ವಿಲ್ಯಾನ್‌ನಲ್ಲಿ 4094 ಗುರುತು ಮಾತ್ರ ಸಾಧ್ಯವಿತ್ತು. ಕ್ಲೌಡಿಗೆ ಅದು ಯಾವ ಮೂಲೆಗೂ ಸಾಲದು ಅಂತ ವಿಎಕ್ಸ್‌ಲ್ಯಾನ್ ತಂದರು. ಅದರಲ್ಲಿ 1.67 ಕೋಟಿ. (10ರ ವಿಳಾಸಗಳಷ್ಟೇ ಸಂಖ್ಯೆ. ಎರಡೂ ಕಡೆ 24 ಬಿಟ್, ಅಷ್ಟೇ.)

ಇಲ್ಲಿಯವರೆಗೆ ಸುಲಭ. ಕಷ್ಟ ಇರೋದು ಎಲ್ಲರಿಗೂ ಬೇಕಾದ ಸೇವೆಗಳಲ್ಲಿ: ಬ್ಯಾಕಪ್, ಲಾಗ್, ಡಿಎನ್‌ಎಸ್. ಬಾಡಿಗೆದಾರರು ಒಬ್ಬರನ್ನೊಬ್ಬರು ನೋಡಬಾರದು, ಆದರೆ ಬ್ಯಾಕಪ್ ಸರ್ವರ್ ಎಲ್ಲರನ್ನೂ ನೋಡಬೇಕು. ಅದಕ್ಕೆ ನಡುವೆ ಒಂದು ಹಬ್ ಇರುತ್ತೆ, ನಮ್ಮ ಬೀರೂರು ಜಂಕ್ಷನ್ ಥರ. ಬೆಂಗಳೂರಿಂದ ಬಂದ ರೈಲು ಶಿವಮೊಗ್ಗಕ್ಕೋ ಅಜ್ಜಂಪುರದ ಮೇಲೆ ಹುಬ್ಬಳ್ಳಿಗೋ ಅನ್ನೋದು ಅಲ್ಲೇ ತೀರ್ಮಾನ. 2018ರಲ್ಲಿ ಅಮೆಜಾನ್ ತಂದ ಟ್ರಾನ್ಸಿಟ್ ಗೇಟ್‌ವೇ ಇಂಥ ಹಬ್. ಅದರ ಮೂಲ ಸೆಟ್ಟಿಂಗ್ ಮುಟ್ಟದೆ ಬಿಟ್ಟರೆ, ಸೇರಿಸಿದ ಜಾಲಗಳೆಲ್ಲ ಒಂದೇ ನಕಾಶೆ ಬಳಸ್ತವೆ, ಎಲ್ಲರ ವಿಳಾಸವೂ ಅದರಲ್ಲೇ ಬಂದು ಕೂರುತ್ತೆ. ಒಂದೇ ಕಂಪನಿಯ ಜಾಲಗಳಾದರೆ ಅನುಕೂಲ. ಬೇರೆ ಬೇರೆ ಬಾಡಿಗೆದಾರರಾದರೆ ಅಪಾಯ.

ಆದ್ದರಿಂದ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು. ಇವನು ಯಾವ ನಕಾಶೆ ನೋಡಿಕೊಂಡು ನಡೀತಾನೆ? ಇವನ ವಿಳಾಸ ಯಾರ ನಕಾಶೆಯಲ್ಲಿ ಇರುತ್ತೆ? ಬಾಡಿಗೆದಾರರ ನಕಾಶೆಯಲ್ಲಿ ಬ್ಯಾಕಪ್‌ನಂಥ ಸೇವೆಗಳ ದಾರಿ ಮಾತ್ರ. ಆ ಸೇವೆಗಳ ನಕಾಶೆಯಲ್ಲಿ ಎಲ್ಲ ಬಾಡಿಗೆದಾರರೂ. (ಹಬ್‌ಗೆ ಸೇರುವವರಿಗೆ ಒಂದರ ಮೇಲೊಂದು ಬೀಳದಂಥ ವಿಳಾಸಗಳನ್ನು ಮೊದಲೇ ಹಂಚಿರಬೇಕು.) ಮಿಕ್ಕ 10.0.0.0/8 ಪೂರ್ತಿಗೆ ಬ್ಲ್ಯಾಕ್‌ಹೋಲ್. ಆ ಕಡೆ ಹೊರಟ ಪ್ಯಾಕೆಟ್ ಅಲ್ಲೇ ಮಾಯ.

ನಾನು ಹಿಂದೆ ಇದ್ದ ಕಂಪನಿಯಲ್ಲಿ, ಹೆಸರು ಬೇಡ, ಇಷ್ಟೂ ಇತ್ತು. ಆದರೂ ಒಂದು ರಾತ್ರಿ ನನ್ನ ಆನ್‌ಕಾಲ್ ಸರದಿಯಲ್ಲಿ ದೂರು ಬಂತು. ವಿಮೆ ಸಾಫ್ಟ್‌ವೇರ್ ಮಾಡುವ ಗ್ರಾಹಕರ ಕಡೆಯ ಹುಡುಗನೊಬ್ಬ ವಿಳಾಸದಲ್ಲಿ ಒಂದು ಅಂಕಿ ತಪ್ಪು ಒತ್ತಿದ್ದ. ಬರಬೇಕಾಗಿದ್ದದ್ದು ಟೈಮ್‌ಔಟ್. ಬಂದದ್ದು ಡೇಟಾಬೇಸ್ ಲಾಗಿನ್: ಪಾಸ್‌ವರ್ಡ್ ಕೊಡಿ. ಅದು ಇನ್ನೊಬ್ಬ ಗ್ರಾಹಕರದು. ಕ್ಲಿನಿಕ್‌ಗಳ ಸರಪಳಿ, ರೋಗಿಗಳ ದಾಖಲೆ. ಹುಡುಗ ಒಳ್ಳೆಯವನು, ಮುಟ್ಟದೆ ಹೇಳಿದ. ನನಗೆ ಕೈ ತಣ್ಣಗಾಯ್ತು. ವಿಮೆಯವರಿಗೂ ಕಾಯಿಲೆಯ ವಿವರಕ್ಕೂ ನಡುವೆ ಇದ್ದದ್ದು ಒಂದು ಪಾಸ್‌ವರ್ಡ್. ನಮ್ಮಮ್ಮನ ಥೈರಾಯ್ಡ್ ರಿಪೋರ್ಟೂ ಇಂಥದ್ದೇ ಯಾವುದೋ ಬಾಡಿಗೆ ಜಾಗದಲ್ಲಿ ಇರುತ್ತಲ್ಲ.

ಹುಡುಕಿದಾಗ ಸಿಕ್ಕಿದ್ದು ಎರಡು ಸಣ್ಣ ಸಾಲು. ಏಳು ತಿಂಗಳ ಹಿಂದೆ ಕ್ಲಿನಿಕ್‌ನವರು ತಮ್ಮ ಒಂದು ವಿಭಾಗವನ್ನು ವಿಮೆಯವರಿಗೆ ಮಾರಿದ್ದರು. ಆ ವಿಭಾಗದ ದತ್ತಾಂಶ ಸಾಗಿಸೋಕೆ ಒಂದು ವಾರಾಂತ್ಯದ ಮಟ್ಟಿಗೆ ಅಂತ ಎರಡೂ ಕಡೆ /24 ದಾರಿ ತೆರೆದು, ಫೈರ್‌ವಾಲ್ ಕೂಡ ಸಡಿಲ ಮಾಡಿದ್ದರು. ಮುಚ್ಚೋಕೆ ಯಾರಿಗೂ ಟಿಕೆಟ್ ಇರಲಿಲ್ಲ.

ಬ್ಲ್ಯಾಕ್‌ಹೋಲ್ ಇತ್ತಲ್ಲ ಅಂತೀರಾ? ರೂಟರ್ ಯಾವಾಗಲೂ ಹೆಚ್ಚು ನಿಖರವಾದ ವಿಳಾಸದ ಮಾತನ್ನೇ ಕೇಳುತ್ತೆ. /8ಕ್ಕಿಂತ /24 ನಿಖರ. 2008ರ ಫೆಬ್ರವರಿಯಲ್ಲಿ ಪಾಕಿಸ್ತಾನ್ ಟೆಲಿಕಾಂ ತನ್ನ ದೇಶದೊಳಗೆ ಯೂಟ್ಯೂಬ್ ತಡೆಯೋಕೆ ಹಾಕಿದ /24 ದಾರಿ ಹೊರಗೆ ಸೋರಿದಾಗ, ಯೂಟ್ಯೂಬ್‌ನ ಸ್ವಂತ /22 ಸೋತು, ಜಗತ್ತಿನ ಬಹುಭಾಗಕ್ಕೆ ಯೂಟ್ಯೂಬ್ ಸುಮಾರು ಎರಡು ಗಂಟೆ ಸಿಗಲಿಲ್ಲ. ಅದೇ ನಿಯಮ.

ಅಪ್ಪನಿಗೆ ಇದನ್ನು ಹೇಳಿದರೆ ಆಶ್ಚರ್ಯವೇ ಆಗಲಿಲ್ಲ. ‘ಒಂದು ಸಲ ಗಾಡಿ ಬಿಟ್ಕೊಂಡ್ರೆ ಮುಗೀತು. ಆಮೇಲೆ ಅದೇ ದಾರಿ’ ಅಂದ್ರು. 1882ರ ಈಸ್‌ಮೆಂಟ್ ಕಾಯ್ದೆ ಪ್ರಕಾರ ಪಕ್ಕದ ಹೊಲದಲ್ಲಿ ಅಡ್ಡಿಯಿಲ್ಲದೆ ಹಕ್ಕಿನಿಂದ ಓಡಾಡಿ ದಾರಿ ಗಳಿಸೋಕೆ 20 ವರ್ಷವಾದರೂ ಬೇಕು. ನಮ್ಮಲ್ಲಿ ಒಂದು ವಾರಾಂತ್ಯ ಸಾಕಾಯ್ತು.

ಆ ರಾತ್ರಿಯೇ ಎರಡೂ ಸಾಲು ಅಳಿಸಿದೆವು. ಲಾಗ್ ಪೂರ್ತಿ ಜಾಲಾಡಿದೆವು. ಆ ವಾರಾಂತ್ಯದ ನಂತರ ಯಾರೂ ಒಳಹೊಕ್ಕಿರಲಿಲ್ಲ, ಇಬ್ಬರೂ ಗ್ರಾಹಕರಿಗೆ ಬರವಣಿಗೆಯಲ್ಲಿ ತಿಳಿಸಿದರು. ತಿಳಿಸಬೇಕೋ ಬೇಡವೋ ಅಂತ ಮೀಟಿಂಗ್‌ನಲ್ಲಿ ಅರ್ಧ ದಿನ ಚರ್ಚೆ ಆಗಿದ್ದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ.

ಈಗಿನ ಕಂಪನಿಯಲ್ಲಿ ನಾನು ಮೊದಲು ಬರೆದದ್ದು ಒಂದು ಉಲ್ಟಾ ಪರೀಕ್ಷೆ. ತಾತ್ಕಾಲಿಕ ದಾರಿಗೆ ಮುಗಿಯುವ ದಿನಾಂಕ ಬರೆಯದಿದ್ದರೆ ಸಿಸ್ಟಮ್ ಅದನ್ನು ಒಪ್ಪೋದಿಲ್ಲ, ಅದು ಬೇರೆ ಮಾತು. ಈ ಪರೀಕ್ಷೆ ಪ್ರತಿ ರಾತ್ರಿ ಎರಡು ಗಂಟೆಗೆ ಒಬ್ಬ ಬಾಡಿಗೆದಾರನ ಜಾಲದಿಂದ ಉಳಿದೆಲ್ಲರ ಬಾಗಿಲು ತಟ್ಟುತ್ತೆ. ಎಲ್ಲಾದರೂ ಉತ್ತರ ಬಂದರೆ ಕೆಂಪು. ಎಲ್ಲ ಕಡೆ ಟೈಮ್‌ಔಟ್ ಆದರೆ ಹಸಿರು. ನಿಮ್ಮ ಕಂಪನಿಯ ಕ್ಲೌಡ್ ತಂಡದಲ್ಲಿ ಪರಿಚಯದವರಿದ್ದರೆ ಕೇಳಿ ನೋಡಿ, ಇಂಥದ್ದು ಇದೆಯಾ ಅಂತ. ನಾನು ಕೇಳಿದ ಮೂವರಲ್ಲಿ ಇಬ್ಬರು, ‘ಫೈರ್‌ವಾಲ್ ಇದೆ ಬಿಡು’ ಅಂದ್ರು. ಮೂರನೆಯವಳು ಏನೂ ಹೇಳದೆ ಲ್ಯಾಪ್‌ಟಾಪ್ ತೆರೆದಳು.